ಕರುಳಿನ ಮಾತು

ಕನ್ನಡದಲ್ಲಿ ಮರುಕದ ಮನೆ ಕರುಳು. ಹಡೆದವಳದು ಹೆತ್ತ ಕರುಳು, ಮಗು ಕರುಳಿನ ಕುಡಿ, ಸಂಬಂಧ ಕರುಳಬಳ್ಳಿ. ಬೀದಿಯಲ್ಲಿ ಹಸಿದ ಕೂಸು ಅತ್ತರೆ ನೋಡಿದವರ ಕರುಳು ಚುರುಕ್ ಎನ್ನುತ್ತದೆ. ಯಾರ ಕಷ್ಟಕ್ಕೂ ಕರಗದವನ ಬಗ್ಗೆ ಊರು ಆಡುವುದು ಒಂದೇ ಮಾತು: ‘ಅವನಿಗೆ ಕರುಳೇ ಇಲ್ಲ.’ ದಯೆ, ಕರುಣೆ, ಅನುಕಂಪ ಒಳ್ಳೆಯ ಮಾತುಗಳೇ. ಆದರೆ ದಯೆಯನ್ನು ಎತ್ತರದಲ್ಲಿ ಕುಳಿತೂ ತೋರಬಹುದು, ಬೇಡವೆನಿಸಿದರೆ ತಡೆಹಿಡಿಯಬಹುದು. ಕರುಳು ನಮ್ಮ ಅಪ್ಪಣೆಗೆ ಕಾಯುವುದಿಲ್ಲ.

ಯೇಸುವಿನ ಬದುಕನ್ನು ಗ್ರೀಕಿನಲ್ಲಿ ಬರೆದ ಮತ್ತಾಯ, ಮಾರ್ಕ, ಲೂಕರು ಕೂಡ ಮರುಕವನ್ನು ಒಡಲಿನಲ್ಲೇ ಕಂಡರು. ಅವರು ಬಳಸಿದ ಕ್ರಿಯಾಪದ ‘ಸ್ಪ್ಲಾಂಖ್ನಿಜೊಮಾಯ್’. ಒಡಲೊಳಗಿನ ಅಂಗಗಳನ್ನು ಹೇಳುವ ‘ಸ್ಪ್ಲಾಂಖ್ನ’ ಅದರ ಬೇರು. ಹೊಸ ಒಡಂಬಡಿಕೆಯಲ್ಲಿ ಈ ಕ್ರಿಯಾಪದ ಬರುವುದು 12 ಸಲ, ಅಷ್ಟೂ ಈ ಮೂವರ ಬರಹದಲ್ಲಿ. 9 ಕಡೆ ಅದು ಯೇಸುವಿನ ಮರುಕ. ಮಿಕ್ಕ 3 ಸಲ ಯೇಸು ಹೇಳಿದ ಸಾಮತಿ ಕಥೆಗಳಲ್ಲಿ: ಆಳಿನ ಸಾಲ ಮನ್ನಾ ಮಾಡಿದ ಒಡೆಯ, ಮನೆಬಿಟ್ಟು ಹೋಗಿದ್ದ ಮಗನತ್ತ ಓಡಿದ ತಂದೆ, ಗಾಯಾಳುವಿನ ಬಳಿ ನಿಂತ ಸಮಾರ್ಯದವನು. ಕನ್ನಡ ಬೈಬಲಿನಲ್ಲಿ ಇಂಥ ಕಡೆ ‘ಕನಿಕರ’ ಎಂದು ಓದುತ್ತೇವೆ. ಹಿತವಾದ ಮಾತು. ಆದರೂ ಓದುವಾಗ ನನ್ನ ಮನಸ್ಸು ಅದರ ಜಾಗದಲ್ಲಿ ಕರುಳನ್ನು ಇಟ್ಟುಕೊಳ್ಳುತ್ತದೆ.

ಮಾರ್ಕನ ಮೊದಲ ಅಧ್ಯಾಯವನ್ನೇ ನೋಡಿ. ಕುಷ್ಠರೋಗಿಯೊಬ್ಬ ಬಂದು ಮೊಣಕಾಲೂರುತ್ತಾನೆ. ಬೈಬಲಿನ ಯಾಜಕಕಾಂಡದ ವಿಧಿಯಂತೆ ಅಂಥವನು ಹರಕು ಬಟ್ಟೆ ತೊಟ್ಟು, ತಲೆ ಕೆದರಿಕೊಂಡು, ತಾನು ಅಶುದ್ಧನೆಂದು ತಾನೇ ಕೂಗುತ್ತ, ಜನವಸತಿಯ ಆಚೆ ಒಂಟಿಯಾಗಿ ಇರಬೇಕು. ಯೇಸು ದೂರದಿಂದಲೇ ರೋಗ ಗುಣಪಡಿಸಿದ ಪ್ರಸಂಗಗಳೂ ಶುಭಸಂದೇಶದಲ್ಲಿವೆ. ಇಲ್ಲಿ ಹಾಗೆ ಮಾಡಲಿಲ್ಲ. ಕರುಳು ಮಿಡಿಯಿತು, ಕೈ ಚಾಚಿ ಮುಟ್ಟಿದರು. ಗುಣವಾಗು ಎಂಬ ಮಾತು ಬಂದದ್ದು ಆಮೇಲೆ. ಅಂದರೆ ಅವರು ಮುಟ್ಟಿದ್ದು ಇನ್ನೂ ರೋಗ ಹೋಗಿರದ ಮೈಯನ್ನು. ನಂತರ, ಯಾಜಕನಿಗೆ ತೋರಿಸಿಕೊಂಡು ಮೋಶೆ ವಿಧಿಸಿದ ಕಾಣಿಕೆ ಒಪ್ಪಿಸಲು ಹೇಳಿ ಕಳಿಸಿದರು. ಆ ವಿಧಿ ಪೂರೈಸಿದರೆ ತಾನೆ ಅವನು ಮತ್ತೆ ಊರೊಳಗೆ ಬಾಳಲು ಸಾಧ್ಯ. ವಿಧಿಯನ್ನು ಯೇಸು ಕೈಬಿಡಲಿಲ್ಲ, ಅದರ ಸರದಿಯನ್ನು ಎರಡನೆಯದಾಗಿಸಿದರು.

ಇಲ್ಲಿ ಒಂದು ಮಾತು ಸ್ಪಷ್ಟವಾಗಿರಬೇಕು. ಕಠಿಣ ನಿಯಮವೆಲ್ಲ ಯೆಹೂದ್ಯರದು, ಮರುಕವೆಲ್ಲ ನಮ್ಮದು ಎಂದು ಕ್ರೈಸ್ತರು ಬೋಧಿಸಿಕೊಂಡು ಬಂದದ್ದು ಅನ್ಯಾಯ. ಪ್ರಾಣಾಪಾಯದ ಬರೀ ಅನುಮಾನವಿದ್ದರೂ ಸಬ್ಬತ್ ಎಂಬ ವಿಶ್ರಾಂತಿ ದಿನದ ನಿಯಮ ಬದಿಗೆ ಸರಿಯುತ್ತದೆಂದು ಯೆಹೂದ್ಯರ ಧರ್ಮವಿಧಿಗಳ ಸಂಗ್ರಹವಾದ ಮಿಷ್ನಾ ಹೇಳುತ್ತದೆ. 18 ವರ್ಷ ನಡುಬಾಗಿದ್ದ ಹೆಂಗಸನ್ನು ಸಬ್ಬತ್ತಿನಂದು ನೆಟ್ಟಗಾಗಿಸಿದ್ದಕ್ಕೆ ಸಭಾಮಂದಿರದ ಅಧ್ಯಕ್ಷ ಸಿಡುಕಿದಾಗ, ಯೇಸು ಎತ್ತಿದ್ದು ಆ ಜನರ ವಾಡಿಕೆಯನ್ನೇ: ಆ ದಿನವೂ ನೀವು ಎತ್ತು ಕತ್ತೆಗಳನ್ನು ಬಿಚ್ಚಿ ನೀರಿಗೆ ಕರೆದೊಯ್ಯುತ್ತೀರಲ್ಲ ಎಂದು.

ನಮ್ಮ ಕರುಳು ಎಂಬ ಮಾತಿಗೂ ಒಂದು ಬೇಲಿಯಿದೆ. ಕರುಳಬಳ್ಳಿ ಎಂದರೆ ನಮ್ಮವರು. ತನ್ನ ಮಗುವಿಗೆ ಮಿಡಿದ ಕರುಳು ಪಕ್ಕದ ಕೇರಿಯ ಮಗುವಿಗೆ ಮಿಡಿಯದೆಯೂ ಇದ್ದೀತು. ಯೆರೂಸಲೇಮಿನಿಂದ ಜೆರಿಕೋಗೆ ಇಳಿಯುವ ದಾರಿಯಲ್ಲಿ ಬಿದ್ದಿದ್ದವನ ಸಾಮತಿ ಈ ಬೇಲಿಯನ್ನೇ ಕೀಳುತ್ತದೆ. ಯಾಜಕ ಕಂಡು ಆಚೆ ಬದಿಗೆ ಸರಿದ, ದೇವಾಲಯದ ಸೇವೆಯ ಲೇವಿಯನೂ ಸರಿದ. ಕರುಳು ಕಲಕಿದ್ದು ಯೆಹೂದ್ಯರು ದೂರವಿಟ್ಟಿದ್ದ ಸಮಾರ್ಯದವನಿಗೆ. ಬಳ್ಳಿಯ ನಂಟು ಇಲ್ಲದ ಕಡೆ ಮಿಡಿದ ಕರುಳು ಅದು.

ಆ ಸಾಮತಿಯನ್ನು ಓದುತ್ತಲೇ ಬಂದ ಧರ್ಮಸಭೆಯಲ್ಲಿ ಕರುಳಿಗೆ ಎಟುಕದ ನಿಯಮಗಳೂ ಬೆಳೆದವು. ನನ್ನನ್ನು ಹೆಚ್ಚು ಕಾಡುವುದು ಆತ್ಮಹತ್ಯೆ ಮಾಡಿಕೊಂಡವರ ಮಣ್ಣಿನದು. ಬೇಕೆಂದೇ ಜೀವ ಕಳೆದುಕೊಂಡವರು ಸಾಯುವ ಮುನ್ನ ಪಶ್ಚಾತ್ತಾಪದ ಕುರುಹು ತೋರದಿದ್ದರೆ ಅವರಿಗೆ ಧರ್ಮಸಭೆಯ ಅಂತ್ಯಸಂಸ್ಕಾರ ಇಲ್ಲವೆಂದು ಕಥೋಲಿಕ ಸಭೆಯ 1917ರ ಕಾನೂನು ಸಂಹಿತೆ ಹೇಳುತ್ತಿತ್ತು. ಮಗನನ್ನು ಕಳೆದುಕೊಂಡ ತಾಯಿಗೆ, ಅವನ ಮಣ್ಣೂ ಇಲ್ಲಿ ಬೇಡ ಎಂದು ಹೇಳುವ ನಿಯಮ. 1983ರ ಸಂಹಿತೆಯ ನಿರಾಕರಣೆಯ ಪಟ್ಟಿಯಲ್ಲಿ ಆತ್ಮಹತ್ಯೆ ಇಲ್ಲ. ತೀವ್ರ ಮಾನಸಿಕ ತೊಳಲಾಟ, ಭಯ, ಸಂಕಟಗಳು ಅಂಥವರ ಹೊಣೆಯನ್ನು ತಗ್ಗಿಸಬಲ್ಲವೆಂದು 1992ರ ಧರ್ಮೋಪದೇಶ ಗ್ರಂಥ ಹೇಳಿತು. ಅವರ ರಕ್ಷಣೆಯ ಬಗ್ಗೆ ನಿರಾಶರಾಗಬೇಡಿ ಎಂದಿತು, ಅವರಿಗಾಗಿ ಸಭೆ ಪ್ರಾರ್ಥಿಸುತ್ತದೆ ಎಂದೂ ಸೇರಿಸಿತು.

ಪುಸ್ತಕದಿಂದ ನಿಯಮ ಹೋಯಿತು, ಜನರ ಬಾಯಿಂದ ಪಿಸುಮಾತು ಇನ್ನೂ ಹೋಗಿಲ್ಲ. ಅಂಥ ಸಾವಾದ ಮನೆಗೆ ಹೋಗುವ ಗುರುಗಳಲ್ಲಿ, ನೆರೆಯವರಲ್ಲಿ ನನ್ನದೊಂದು ಬೇಡಿಕೆ. ಮೊದಲು ಆ ತಾಯಿಯ ಪಕ್ಕದಲ್ಲಿ ಕುಳಿತುಕೊಳ್ಳಿ. ಹೇಗೆ ಸತ್ತ, ಕೊನೆಯ ಪಾಪನಿವೇದನೆ ಯಾವಾಗ ಮಾಡಿದ್ದ ಎಂದು ಕೇಳಬೇಡಿ. ಊರಿನ ಬೇರೆಯವರಿಗೆ ಬಾರಿಸುವ ಗಂಟೆಯನ್ನೇ ಅವನಿಗೂ ಬಾರಿಸಿ, ಅವರಿಗೆ ಹೇಳುವ ಪ್ರಾರ್ಥನೆಯನ್ನೇ ಹೇಳಿ. ಅವನ ಹೆಸರು ಬಂದಾಗ ದನಿ ತಗ್ಗಿಸಬೇಡಿ.