ದೀವದ ಬಾತು

ಹಳಗನ್ನಡದಲ್ಲಿ ‘ದೀವ’ ಎಂಬ ಪುಟ್ಟ ಪದವಿದೆ. ಬೇಟೆಗಾರ ತಾನು ಪಳಗಿಸಿದ ಜಿಂಕೆಯನ್ನೋ ಹಕ್ಕಿಯನ್ನೋ ಬಯಲಿಗೆ ಬಿಟ್ಟು ಮರೆಯಲ್ಲಿ ಕೂರುತ್ತಿದ್ದ. ಅದನ್ನು ಕಂಡು ಅದರ ಜಾತಿಯ ಕಾಡುಪ್ರಾಣಿಗಳು ಹತ್ತಿರ ಬಂದಾಗ ಹೊಡೆಯುತ್ತಿದ್ದ. ಹಾಗೆ ಬಿಟ್ಟ ಸಾಕುಪ್ರಾಣಿಯೇ ದೀವ. ದೀವಿಗೆಯ ನೆನಪು ತರುವುದರಿಂದ ಇಂದಿನ ಓದುಗರಿಗೆ ಇದು ಬೆಳಕಿಗೆ ಸಂಬಂಧಿಸಿದ ಮಾತಿನಂತೆ ಕೇಳಿಸೀತು. ಆದರೆ ಇದು ಅಪ್ಪಟ ಬೇಟೆಯ ಮಾತು. ಬೇಟೆ ನಿಂತಮೇಲೆ ಮಾತೂ ನಿಂತಿತು.

ನನಗೆ ಈ ಪದ ಬೇಕಾದದ್ದು ಅಮೆರಿಕದ ಒಂದು ಯಂತ್ರದ ಬಗ್ಗೆ ಬರೆಯಲು ಕೂತಾಗ. ಅದೊಂದು ಪ್ಲಾಸ್ಟಿಕ್ ಬಾತುಕೋಳಿ. ಕೆರೆಯಂಚಿನ ಕೆಸರಿನಲ್ಲಿ ಕೋಲು ನೆಟ್ಟು ಅದರ ಮೇಲೆ ನಿಲ್ಲಿಸುತ್ತಾರೆ. ಹೊಟ್ಟೆಯಲ್ಲಿ ಬ್ಯಾಟರಿ, ಸಣ್ಣ ಮೋಟಾರು. ರೆಕ್ಕೆಗಳ ಒಂದು ಮೈ ಕಪ್ಪು, ಇನ್ನೊಂದು ಮೈ ಬಿಳಿ. ಸ್ವಿಚ್ ಹಾಕಿದರೆ ರೆಕ್ಕೆಗಳು ಗಿರಗಿರನೆ ತಿರುಗುತ್ತವೆ, ಕಪ್ಪು ಬಿಳಿ ಕಪ್ಪು ಬಿಳಿ ಎಂದು ಮಿನುಗುತ್ತವೆ. ಬಾತು ನೀರಿಗಿಳಿಯುವಾಗ ರೆಕ್ಕೆಯಡಿಯ ಬಿಳುಪು ಮಿಂಚುವುದು ಹೀಗೆಯೇ. ಬಹು ದೂರದಲ್ಲಿ ಹಾರುತ್ತಿರುವ ಹಿಂಡಿಗೂ ಈ ಮಿನುಗು ಕಾಣುತ್ತದೆ. ಅಲ್ಲಿ ನಮ್ಮವರು ಇಳಿಯುತ್ತಿದ್ದಾರೆ ಎಂದು ಹಿಂಡು ತಿರುಗಿ ಬರುತ್ತದೆ. ಪೊದೆಯ ಮರೆಯಲ್ಲಿ ಕೋವಿ ಕಾಯುತ್ತಿರುತ್ತದೆ.

ಇದನ್ನು ‘ನಕಲಿ ಬಾತು’ ಎಂದರೆ ಸಾಲದು, ಅಂಗಡಿಯ ಗೊಂಬೆಯೂ ನಕಲಿಯೇ. ‘ದೀವದ ಬಾತು’ ಎಂದಾಗ ಅರ್ಥ ಪೂರ್ತಿಯಾಯಿತು.

ಉಪಾಯ ಹೊಸದೇನಲ್ಲ. ಅಮೆರಿಕದ ನೆವಾಡಾದಲ್ಲಿ ಲವ್‌ಲಾಕ್ ಎಂಬ ಗುಹೆಯಿದೆ. 1924ರಲ್ಲಿ ಅಲ್ಲಿ ಅಗೆದವರಿಗೆ ಜೊಂಡಿನಿಂದ ಹೆಣೆದ ಹನ್ನೊಂದು ಬಾತುಗಳು ಸಿಕ್ಕವು. ಸುಮಾರು ಎರಡು ಸಾವಿರ ವರ್ಷಗಳ ಹಿಂದೆ ಅಲ್ಲಿಯ ಮೂಲನಿವಾಸಿಗಳು ಮಾಡಿದವು. ಕೆಲವಕ್ಕೆ ಬಣ್ಣ ಬಳಿದು ನಿಜವಾದ ಗರಿಗಳನ್ನೂ ಸಿಕ್ಕಿಸಿದ್ದರು. ಅವುಗಳ ಚಿತ್ರ ನೋಡಿದರೆ ಹೆಣೆದವರ ಬಗ್ಗೆ ಗೌರವ ಹುಟ್ಟುತ್ತದೆ. ಬಾತು ನೀರಿನ ಮೇಲೆ ಹೇಗೆ ಕೂರುತ್ತದೆ, ಕತ್ತು ಎಷ್ಟು ಬಾಗುತ್ತದೆ ಎಂಬುದನ್ನು ದಿನಗಟ್ಟಲೆ ನೋಡಿದ ಕಣ್ಣಿಗಷ್ಟೇ ಅದು ಸಾಧ್ಯ.

ಇಂಗ್ಲಿಷಿನ ‘ಡಿಕಾಯ್’ ಎಂಬ ಮಾತು ಬಂದದ್ದು ಡಚ್ಚರಿಂದ. ‘ಕೋಯ್’ ಎಂದರೆ ಪಂಜರ. ಕೊಳದ ಅಂಚಿನಿಂದ ಬಾಗಿದ ಕಾಲುವೆ ತೋಡಿ, ಮೇಲೆ ಬಲೆ ಹೊದಿಸಿ, ಪಕ್ಕದಲ್ಲಿ ಜೊಂಡಿನ ತಟ್ಟಿಗಳನ್ನು ನಿಲ್ಲಿಸುತ್ತಿದ್ದರು. ತಟ್ಟಿಗಳ ಸಂದಿಯಲ್ಲಿ ಪಳಗಿದ ನಾಯಿಯೊಂದು ಕಾಣಿಸಿಕೊಂಡು ಮರೆಯಾಗುತ್ತಿತ್ತು. ಬಾತುಗಳಿಗೆ ಕುತೂಹಲ. ನಾಯಿಯ ಹಿಂದೆ ಈಜುತ್ತ ಈಜುತ್ತ ಬಲೆಯ ತುದಿಗೆ ಬಂದುಬಿಡುತ್ತಿದ್ದವು.

ನಮ್ಮಲ್ಲಿ? ಕಲ್ಯಾಣದ ಚಾಲುಕ್ಯ ಅರಸ ಮೂರನೆಯ ಸೋಮೇಶ್ವರ 12ನೆಯ ಶತಮಾನದಲ್ಲಿ ಸಂಸ್ಕೃತದಲ್ಲಿ ‘ಮಾನಸೋಲ್ಲಾಸ’ ಬರೆಸಿದ ಅಥವಾ ಬರೆದ. ಅಡುಗೆ, ಸಂಗೀತ, ಆನೆ, ಆಟಗಳ ಜೊತೆ ಬೇಟೆಗೂ ಅದರಲ್ಲಿ ವಿಸ್ತಾರವಾದ ಜಾಗವಿದೆ. ಪಳಗಿದ ಜಿಂಕೆಯಿಂದ ಕಾಡುಜಿಂಕೆಯನ್ನು ಸೆಳೆಯುವ ವಿಧಾನವೂ ಅಲ್ಲಿದೆ. ಅದು ಅರಮನೆಯ ಮಾತು. ಊರಾಚೆ ಬೇಟೆ ಹೊಟ್ಟೆಪಾಡು. ಹಕ್ಕಿ ಹಿಡಿಯುವವರು ಸಾಕಿದ ಗೌಜಲನ್ನು ಪುಟ್ಟ ಪಂಜರದಲ್ಲಿಟ್ಟು ಕೂಗಿಸುತ್ತಿದ್ದರು. ತನ್ನ ನೆಲದಲ್ಲಿ ಇದ್ಯಾವ ಗಂಡು ಕೂಗುತ್ತಿದೆ ಎಂದು ಜಗಳಕ್ಕೆ ಬಂದ ಕಾಡುಗೌಜಲು ಸುತ್ತ ಹಾಸಿದ ಉರುಳಿಗೆ ಸಿಕ್ಕುತ್ತಿತ್ತು.

ಬಾತುಗಳಿಗೆ ಭಾರತದ ಕೆರೆಗಳಲ್ಲಿ ಬಳಸುತ್ತಿದ್ದ ಉಪಾಯ ನನಗೆ ಎಲ್ಲಕ್ಕಿಂತ ವಿಚಿತ್ರವಾಗಿ ಕಾಣುತ್ತದೆ. ಮೊದಲು ಕೆಲವು ಖಾಲಿ ಮಡಕೆಗಳನ್ನು ನೀರಿನಲ್ಲಿ ತೇಲಿಬಿಡಬೇಕು. ಒಂದೆರಡು ದಿನ ಬಾತುಗಳು ಹೆದರಿ ದೂರವಿರುತ್ತವೆ. ಆಮೇಲೆ ಅಭ್ಯಾಸವಾಗಿ ಮಡಕೆಗಳ ನಡುವೆಯೇ ಈಜುತ್ತವೆ. ಆಗ ಒಬ್ಬಾತ ಕಣ್ಣಿಗೆ ತೂತು ಕೊರೆದ ಮಡಕೆಯನ್ನು ತಲೆಗೆ ಕವುಚಿಕೊಂಡು ಕತ್ತಿನವರೆಗೆ ನೀರಿಗಿಳಿಯುತ್ತಾನೆ. ಮೆಲ್ಲಗೆ ಹಿಂಡಿನೊಳಕ್ಕೆ ಸರಿದು, ಬಾತಿನ ಕಾಲು ಹಿಡಿದು ಸದ್ದಿಲ್ಲದೆ ಒಳಗೆಳೆಯುತ್ತಾನೆ. ಪಕ್ಕದ ಬಾತಿಗೆ ತನ್ನ ಜೊತೆಗಾರ ಮುಳುಗು ಹಾಕಿದ ಎಂದಷ್ಟೇ ತಿಳಿಯುತ್ತದೆ. ಇಲ್ಲಿ ದೀವದ ಹಕ್ಕಿಯೂ ಇಲ್ಲ, ಕೋವಿಯೂ ಇಲ್ಲ. ದಿನವೂ ಕಾಣುವ ವಸ್ತು ಅಪಾಯವಲ್ಲ ಎಂಬ ನಂಬಿಕೆಯೊಂದೇ ಸಾಕಾಯಿತು.

ನಾನಿರುವ ಗಂಗಾನಗರದಿಂದ ಹೆಬ್ಬಾಳದ ಕೆರೆ ಬೆಳಗಿನ ನಡಿಗೆಯ ದೂರ. ಹೆಬ್ಬಾಳ ಹಳೆಯ ಊರು. ಗಂಗರ ಶ್ರೀಪುರುಷನ ಕಾಲದ, ಸುಮಾರು 750ರ, ಕಿತ್ತಯ್ಯನ ವೀರಗಲ್ಲು ಸಿಕ್ಕಿರುವುದು ಇಲ್ಲೇ. ಬೆಂಗಳೂರು ಸೀಮೆಯ ಬೇರೆ ಊರುಗಳಂತೆ ಇಲ್ಲೂ ಕೆರೆ ಕಟ್ಟಿದ್ದು ಗದ್ದೆಗಾಗಿ. ಹಕ್ಕಿಗಳು ಕರೆಯದೆ ಬಂದ ನೆಂಟರು. ಚಳಿಗಾಲದಲ್ಲಿ ಉತ್ತರದಿಂದ ಸೂಜಿಬಾಲದ ಬಾತು, ಬಿಳಿ ಹುಬ್ಬಿನ ಬಾತು, ಸಲಿಕೆ ಕೊಕ್ಕಿನ ಬಾತುಗಳು ಬರುತ್ತವೆ. ವರಟೆ ಬಾತು ವರ್ಷವಿಡೀ ಇರುತ್ತದೆ.

1809ರಲ್ಲಿ ದಂಡು ಬಂದಮೇಲೆ ಇಂಥ ಕೆರೆಗಳಿಗೆ ಇನ್ನೊಂದು ಉಪಯೋಗ ಹುಟ್ಟಿತು. ಬಾತು ಮತ್ತು ಉಲ್ಲಂಕಿಯ ಬೇಟೆ ದಂಡಿನ ದೊರೆಗಳ ಚಳಿಗಾಲದ ವಿನೋದವಾಯಿತು. ಕೆರೆಯ ಏರಿಯ ಮರೆಯಲ್ಲಿ ಕೋವಿಗಳು, ನೀರಿಗಿಳಿದು ಹಕ್ಕಿ ಎಬ್ಬಿಸಲು ಊರಿನ ಆಳುಗಳು. 1901ರಲ್ಲಿ ಮೈಸೂರು ಸಂಸ್ಥಾನ ಬೇಟೆ ಮತ್ತು ಮೀನುಗಳ ರಕ್ಷಣೆಗೆ ರೆಗ್ಯುಲೇಷನ್ ತಂದಿತು. ಬೇಟೆಗೆ ಕಟ್ಟುಪಾಡು ಬಂತೇ ಹೊರತು ಬೇಟೆ ನಿಲ್ಲಲಿಲ್ಲ. ಕೋವಿಯೇ ಆಗ ಹಕ್ಕಿಯನ್ನು ತಿಳಿಯುವ ದಾರಿಯೂ ಆಗಿತ್ತು. 1939–40ರಲ್ಲಿ ಸಲೀಂ ಅಲಿಯವರು ಮೈಸೂರು ಸಂಸ್ಥಾನದ ಹಕ್ಕಿಗಳ ಸಮೀಕ್ಷೆ ಮಾಡಿದರು. ಆ ಕಾಲದ ಸಮೀಕ್ಷೆ ಎಂದರೆ ಹಕ್ಕಿಯನ್ನು ಹೊಡೆದು, ಚರ್ಮ ಸುಲಿದು, ಅಳತೆ ಬರೆದಿಡುವುದು. ಅದಕ್ಕೆ ಒಂದು ವರ್ಷ ಮುಂಚೆ, 1938ರ ನವೆಂಬರಿನಲ್ಲಿ, ಭರತಪುರದಲ್ಲಿ ವೈಸ್‌ರಾಯ್ ಲಿನ್‌ಲಿತ್‌ಗೋನ ಗೌರವಕ್ಕೆ ನಡೆದ ಬೇಟೆಯಲ್ಲಿ ಒಂದೇ ದಿನ ಬಿದ್ದ ಹಕ್ಕಿಗಳು 4,273. ಆ ಲೆಕ್ಕವನ್ನು ಹೆಮ್ಮೆಯಿಂದ ಕಲ್ಲಿನಲ್ಲಿ ಕೆತ್ತಿಸಿದರು.

ಅಷ್ಟು ಹೊತ್ತಿಗೆ ಅಮೆರಿಕದಲ್ಲಿ ಲೆಕ್ಕ ತಿರುಗಿತ್ತು. 1930ರ ದಶಕದ ಬರಗಾಲದಲ್ಲಿ ಜವುಗುಗಳು ಒಣಗಿ ಬಾತುಗಳ ಸಂಖ್ಯೆ ಕುಸಿದಾಗ, 1935ರಲ್ಲಿ ಸರ್ಕಾರ ಜೀವಂತ ದೀವದ ಹಕ್ಕಿಗಳನ್ನು ನಿಷೇಧಿಸಿತು. ಅದಕ್ಕೂ ಮೊದಲು ಸಾಕಿದ ಬಾತುಗಳ ಕಾಲಿಗೆ ಹಗ್ಗ ಕಟ್ಟಿ ನೀರಿಗೆ ಬಿಟ್ಟು ಕೂಗಿಸುತ್ತಿದ್ದರು. ಮರದ ಬಾತಿಗೆ ಅಡ್ಡಿಯಿರಲಿಲ್ಲ, ಅದು ಕೂಗುವುದಿಲ್ಲ, ಅಲುಗುವುದಿಲ್ಲ. ಮರದ ಬಾತು ಕೆತ್ತುವುದು ಅಲ್ಲಿ ಒಂದು ಜಾನಪದ ಕಲೆಯಾಗಿಯೂ ಬೆಳೆಯಿತು. ಹೀಗೆ ನಡೆದಿದ್ದ ಒಪ್ಪಂದ ಮುರಿದದ್ದು 1990ರ ದಶಕದ ಕೊನೆಯಲ್ಲಿ, ಆ ಮೋಟಾರಿನ ರೆಕ್ಕೆಯಿಂದ. ಮಿನ್ನೆಸೋಟಾದಲ್ಲಿ ಸಂಶೋಧಕರು ಮೋಟಾರನ್ನು ಒಮ್ಮೆ ಹಾಕಿ, ಒಮ್ಮೆ ಆರಿಸಿ ಹೋಲಿಸಿ ನೋಡಿದರು. ರೆಕ್ಕೆ ತಿರುಗುತ್ತಿದ್ದಾಗ ಬಿದ್ದ ಬಾತುಗಳು ನಾಲ್ಕು ಪಟ್ಟಿಗೂ ಹೆಚ್ಚು. ವಾಷಿಂಗ್ಟನ್, ಆರೆಗಾನ್ ರಾಜ್ಯಗಳು ಇಂಥ ಯಂತ್ರ ಬೇಡವೆಂದವು. ಕ್ಯಾಲಿಫೋರ್ನಿಯಾ ಋತುವಿನ ಆರಂಭದಿಂದ ನವೆಂಬರ್ 30ರವರೆಗೆ ಮಾತ್ರ ನಿಷೇಧಿಸಿತು. ಬೇಟೆಗಾರರೊಳಗೇ ಜಗಳ. ಹೊಡೆಯುವ ಸಂಖ್ಯೆಗೆ ಹೇಗೂ ದಿನದ ಮಿತಿಯಿದೆ, ಉಪಕರಣದ ಮೇಲೇಕೆ ಮುನಿಸು ಎಂದವರಿದ್ದರು. ಕೆರೆಯನ್ನು ಓದಲು, ಗಾಳಿ ನೋಡಲು, ಬಾತಿನಂತೆ ಕೂಗಲು ವರ್ಷಗಟ್ಟಲೆ ಕಲಿತದ್ದನ್ನು ಬ್ಯಾಟರಿ ಒಂದು ಬೆಳಿಗ್ಗೆಯಲ್ಲಿ ಕೊಟ್ಟುಬಿಟ್ಟರೆ ಅದು ಬೇಟೆಯೇ ಎಂದವರೂ ಇದ್ದರು. ಎರಡನೆಯವರ ಮಾತು ನನಗೆ ನಾಟುತ್ತದೆ. ಆದರೆ ಜೊಂಡಿನ ಬಾತಿಗೂ ಮೋಟಾರಿನ ಬಾತಿಗೂ ನಡುವೆ ಗೆರೆ ಎಳೆದದ್ದು ಮನುಷ್ಯ ತನ್ನ ಕೌಶಲದ ಅಭಿಮಾನದಿಂದ. ಬಾತಿನ ಕಡೆಯಿಂದ ನೋಡಿದರೆ ಎರಡೂ ಒಂದೇ.

ಬಾತು ದಡ್ಡ ಹಕ್ಕಿ ಎಂದು ಇದರಿಂದ ತಿಳಿಯಬಾರದು. ಸಾವಿರಾರು ಮೈಲಿ ಹಾರಿ, ಹಿಂದೆಂದೂ ಕಾಣದ ನೀರಿನ ಮೇಲೆ ಸುತ್ತುವ ಮರಿಬಾತಿಗೆ ಆ ನೀರು ಒಳ್ಳೆಯದೋ ಕೆಟ್ಟದ್ದೋ ತಿಳಿಯಲು ಇರುವ ದಾರಿ ಒಂದೇ: ಅಲ್ಲಿ ತನ್ನವರು ನಿಶ್ಚಿಂತೆಯಿಂದ ಮೇಯುತ್ತಿದ್ದಾರೆಯೇ? ಲಕ್ಷಾಂತರ ವರ್ಷ ಆ ಜಾತಿಯನ್ನು ಉಳಿಸಿದ್ದು ಈ ಲೆಕ್ಕವೇ. ದೀವ ಸುಳ್ಳುಸಾಕ್ಷಿ ಹೇಳುವುದು ಸರಿಯಾಗಿ ಅಲ್ಲೇ. ದುರಾಸೆಗೆ ಒಡ್ಡುವ ಗಾಳದ ಹುಳುವಿಗಿಂತ ಇದು ಹೆಚ್ಚು ಕ್ರೂರ ಎಂದು ನನಗನ್ನಿಸುವುದು ಅದಕ್ಕೇ.

ನಮ್ಮಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂದಮೇಲೂ ಬಾತು ‘ಸಣ್ಣ ಬೇಟೆ’ಯ ಪಟ್ಟಿಯಲ್ಲಿದ್ದು, ಪರವಾನಗಿಗೆ ಅವಕಾಶವಿತ್ತು. 1991ರ ತಿದ್ದುಪಡಿಯಿಂದ ಅದೂ ಮುಗಿಯಿತು. ಬೆಂಗಳೂರಿನ ಹಕ್ಕಿವೀಕ್ಷಕರು ಅಷ್ಟರಲ್ಲೇ ಬೈನಾಕ್ಯುಲರ್ ಹಿಡಿದು ಕೆರೆಕೆರೆ ಸುತ್ತುತ್ತ, ಚಳಿಗಾಲದ ನೀರಹಕ್ಕಿಗಳನ್ನು ಎಣಿಸತೊಡಗಿದ್ದರು. ಭರತಪುರದ ಕಲ್ಲಿನ ಮೇಲಿದ್ದಂತೆಯೇ ಇದೂ ಸಂಖ್ಯೆ, ಆದರೆ ಎಣಿಸಿದ ಹಕ್ಕಿ ಹಾರಿಹೋಗುತ್ತದೆ.

ಕೋವಿ ಹೋದಮೇಲೆ ಕೆರೆ ಬದಲಾಯಿತು. ಗದ್ದೆಗಳು ಬಡಾವಣೆಗಳಾದವು, ರಾಜಕಾಲುವೆಗಳಲ್ಲಿ ಮಳೆನೀರಿನ ಜೊತೆ ಮನೆಗಳ ಕೊಳಚೆ ಬಂತು. ಮೇಲಿನಿಂದ ನೋಡಿದರೆ ನೀರು ನೀರೇ, ಬಿಸಿಲಿಗೆ ಹೊಳೆಯುತ್ತದೆ. 2019ರ ನವೆಂಬರಿನಲ್ಲಿ ರಾಜಸ್ಥಾನದ ಸಾಂಭರ್ ಸರೋವರದಲ್ಲಿ 18,000ಕ್ಕೂ ಹೆಚ್ಚು ವಲಸೆ ಹಕ್ಕಿಗಳು ಬಾಟುಲಿಸಂ ಎಂಬ ವಿಷಬಾಧೆಯಿಂದ ಸತ್ತವು. ಸತ್ತ ಹಕ್ಕಿಯ ಮೈಯಲ್ಲಿ ಹುಳು, ಆ ಹುಳುವಿನಲ್ಲಿ ವಿಷ, ಅದನ್ನು ತಿಂದು ಮತ್ತೊಂದು ಹಕ್ಕಿ. ಮೇಲೆ ಸುತ್ತುತ್ತಿದ್ದ ಹೊಸ ಹಿಂಡಿಗೆ ಕೆಳಗೆ ಕಂಡದ್ದು ನೀರು ಮತ್ತು ತನ್ನವರು. ಅಲ್ಲಿ ಯಾರೂ ಕೋಲು ನೆಟ್ಟಿರಲಿಲ್ಲ, ಮೋಟಾರು ತಿರುಗಿಸಿರಲಿಲ್ಲ.

ಹೆಬ್ಬಾಳದಲ್ಲಿ ಹಾಗಾಗಿಲ್ಲ. ಸಲಿಕೆ ಕೊಕ್ಕಿನ ಬಾತಿಗಂತೂ ಸೂಕ್ಷ್ಮಜೀವಿಗಳು ತುಂಬಿದ ಮಂದನೀರು ಇಷ್ಟ; ಕೊಕ್ಕನ್ನು ನೀರಿಗೆ ಸೇರಿಸಿ ಜರಡಿ ಹಿಡಿದಂತೆ ಶೋಧಿಸುತ್ತ ಒಂದೇ ಕಡೆ ಸುತ್ತುತ್ತಿರುತ್ತದೆ. ಜನವರಿಯ ಮುಂಜಾವಿನಲ್ಲಿ ಮೇಲ್ಸೇತುವೆಯ ವಾಹನಗಳ ಸದ್ದಿನ ಕೆಳಗೆ ಹತ್ತಿಪ್ಪತ್ತು ಬಾತುಗಳು ಹೀಗೆ ಮೇಯುತ್ತಿರುತ್ತವೆ. ಹೊಸ ಹಿಂಡೊಂದು ಉತ್ತರದ ಕಡೆಯಿಂದ ಬಂದು, ನೀರಿನ ಮೇಲೆ ಎರಡು ಸುತ್ತು ಹಾಕಿ, ಮೇಯುತ್ತಿರುವವನ್ನು ನೋಡಿ, ರೆಕ್ಕೆಯಡಿಯ ಬಿಳುಪು ಮಿಂಚಿಸುತ್ತ ಇಳಿಯುತ್ತದೆ.