ಗಾಜಿನ ಪಟ್ಟಿಯಿಂದ ಪವರ್‌ಪಾಯಿಂಟ್‌ವರೆಗೆ

ಆರ್.ಟಿ. ನಗರ, ಹೆಬ್ಬಾಳ, ಯಲಹಂಕ, ಯಶವಂತಪುರ. ಬೆಂಗಳೂರಿನ ಉತ್ತರ ಭಾಗದ ಯಾವ ಬಡಾವಣೆಗೆ ಹೋದರೂ ಕಂಪ್ಯೂಟರ್ ತರಬೇತಿ ಕೇಂದ್ರದ ಫಲಕವೊಂದು ಕಣ್ಣಿಗೆ ಬೀಳುತ್ತದೆ. ವರ್ಡ್, ಎಕ್ಸೆಲ್, ಟ್ಯಾಲಿ, ನುಡಿ ಎಂಬ ಹೆಸರುಗಳ ಸಾಲಿನಲ್ಲಿ ಪವರ್‌ಪಾಯಿಂಟ್ ಕೂಡ ಇರುತ್ತದೆ. ಕಾಲೇಜಿನಲ್ಲಿ 'ಸೆಮಿನಾರ್' ಕೊಡಬೇಕಾದ ವಿದ್ಯಾರ್ಥಿ, ಮಗಳ ಶಾಲೆಯ 'ಪ್ರಾಜೆಕ್ಟ್' ಕಂಡು ಕಂಗಾಲಾದ ತಾಯಿ, ತಿಂಗಳ ಸಭೆಯಲ್ಲಿ ಪ್ರಗತಿ ವರದಿ ಒಪ್ಪಿಸಬೇಕಾದ ಗುಮಾಸ್ತ, ಎಲ್ಲರೂ ಇದನ್ನು ಕಲಿಯಲು ಬರುತ್ತಾರೆ. ಕಂಪ್ಯೂಟರ್ ಸಾಕ್ಷರತಾ ಪರೀಕ್ಷೆಯ ಬಗ್ಗೆ ರಾಜ್ಯ ಸರ್ಕಾರ 2012ರಲ್ಲಿ ನಿಯಮಗಳನ್ನು ತಂದ ಮೇಲಂತೂ ಸರ್ಕಾರಿ ನೌಕರರಿಗೆ ಕಂಪ್ಯೂಟರ್ ಕಲಿಕೆಯಿಂದ ತಪ್ಪಿಸಿಕೊಳ್ಳುವ ದಾರಿಯೇ ಉಳಿಯಲಿಲ್ಲ.

ಇವರೆಲ್ಲರ ಮೊದಲ ಪ್ರಶ್ನೆ ಒಂದೇ: ಯಾವ ಗುಂಡಿ ಒತ್ತಬೇಕು? ಪ್ರಶ್ನೆ ಸಹಜವಾದದ್ದೇ. ಆದರೆ ಗುಂಡಿಗಳು ಬಂದು ನಾಲ್ಕು ದಶಕಗಳಾಗಿವೆ, ಅಷ್ಟೆ. ಬೆಳಕಿನಲ್ಲಿ ಚಿತ್ರ ಮೂಡಿಸಿ ಜನರಿಗೆ ವಿಷಯ ತಿಳಿಸುವ ವಿದ್ಯೆಗೆ ಮೂರೂವರೆ ಶತಮಾನಕ್ಕೂ ಮಿಕ್ಕಿದ ಇತಿಹಾಸವಿದೆ. ಆ ಇತಿಹಾಸ ಬಲ್ಲವರಿಗೆ ಗುಂಡಿಗಳ ಭಯ ತಾನಾಗಿಯೇ ಕಡಿಮೆಯಾಗುತ್ತದೆ.

ಜಾರುವ ಗಾಜು

ಡಚ್ ವಿಜ್ಞಾನಿ ಕ್ರಿಸ್ಟಿಯಾನ್ ಹೈಗೆನ್ಸ್ 1659ರ ಸುಮಾರಿಗೆ 'ಮ್ಯಾಜಿಕ್ ಲ್ಯಾಂಟರ್ನ್' ಎಂಬ ಮಾಯಾಲಾಂದ್ರವನ್ನು ರೂಪಿಸಿದ. ಅದರ ರಚನೆ ಸರಳ. ಪೆಟ್ಟಿಗೆಯೊಳಗೆ ಒಂದು ದೀಪ, ದೀಪದ ಮುಂದೆ ಚಿತ್ರ ಬರೆದ ಗಾಜಿನ ಪಟ್ಟಿ, ಅದರ ಮುಂದೆ ಮಸೂರ. ದೀಪದ ಬೆಳಕು ಗಾಜನ್ನು ಹಾದು, ಮಸೂರದಿಂದ ಹರಡಿ, ಎದುರಿನ ಗೋಡೆಯ ಮೇಲೆ ದೊಡ್ಡ ಚಿತ್ರವಾಗಿ ಬೀಳುತ್ತದೆ. ಮಸೂರ ಚಿತ್ರವನ್ನು ತಲೆಕೆಳಗು ಮಾಡುವುದರಿಂದ ಗಾಜನ್ನೇ ತಲೆಕೆಳಗಾಗಿ ಸೇರಿಸಬೇಕಿತ್ತು. ಈ ಪಟ್ಟಿಯನ್ನು ಕಿರಿದಾದ ಗಾಡಿಯಲ್ಲಿ ಜಾರಿಸಿ ಮುಂದಕ್ಕೆ ತಳ್ಳುತ್ತಿದ್ದರು. 'ಸ್ಲೈಡ್' ಎಂಬ ಹೆಸರು ಬಂದದ್ದು ಹೀಗೆ. ಇಂದು ಪರದೆಯ ಮೇಲೆ ಯಾವ ಗಾಜೂ ಜಾರುವುದಿಲ್ಲ. ಹೆಸರು ಮಾತ್ರ ಉಳಿದುಕೊಂಡಿದೆ.

ಈ ಲಾಂದ್ರ ಭಾರತಕ್ಕೂ ಬಂತು. ಮುಂಬಯಿ ಬಳಿಯ ಕಲ್ಯಾಣದ ಪಟವರ್ಧನ ಕುಟುಂಬ 1892ರಿಂದ 'ಶಾಂಬರಿಕ ಖರೋಲಿಕಾ' ಎಂಬ ಹೆಸರಿನಲ್ಲಿ, ಕೈಯಿಂದ ಬಣ್ಣ ಬರೆದ ಗಾಜಿನ ಸ್ಲೈಡುಗಳಿಂದ ಪುರಾಣ ಕತೆಗಳನ್ನು ತೋರಿಸತೊಡಗಿತು. ಸಿನಿಮಾ ನಮ್ಮ ದೇಶಕ್ಕೆ ಕಾಲಿಡುವುದಕ್ಕೆ ನಾಲ್ಕು ವರ್ಷ ಮೊದಲಿನ ಮಾತಿದು.

ಕನ್ನಡ ನಾಡಿಗೆ ಈ ಕಲ್ಪನೆ ತೀರ ಹೊಸದಾಗಿರಲಿಲ್ಲ. ಕಿಳ್ಳೇಕ್ಯಾತರ ತೊಗಲುಗೊಂಬೆ ಆಟದಲ್ಲಿ ಬಿಳಿ ಪರದೆ, ಹಿಂದೆ ದೀಪ, ನಡುವೆ ಬಣ್ಣದ ಚರ್ಮದ ಗೊಂಬೆ ಇದ್ದೇ ಇದ್ದವು. ಗೊಂಬೆ ಕಣ್ಣಿಗೆ ಕಾಣುತ್ತಿತ್ತು, ಕತೆಯನ್ನು ಮಾತು ಮತ್ತು ಹಾಡು ಹೇಳುತ್ತಿದ್ದವು. ಟೂರಿಂಗ್ ಟಾಕೀಸಿನಲ್ಲಿ ಸಿನಿಮಾ ನೋಡಿದ ಹಿರಿಯರಿಗೆ ಗಾಜಿನ ಸ್ಲೈಡೂ ಪರಿಚಿತ. ಬಟ್ಟೆ ಅಂಗಡಿಯ ಜಾಹೀರಾತು, 'ಧೂಮಪಾನ ನಿಷೇಧಿಸಿದೆ', 'ವಿರಾಮ' ಎಂಬ ಅಕ್ಷರಗಳು ಪರದೆಯ ಮೇಲೆ ಬರುತ್ತಿದ್ದುದು ಅದರಿಂದಲೇ. ಎರಡು ಮೂರು ಪದ, ದೊಡ್ಡ ಅಕ್ಷರ. ಕೊನೆಯ ಸಾಲಿನಲ್ಲಿ ನೆಲದ ಮೇಲೆ ಕೂತವನಿಗೂ ಅರ್ಥವಾಗುತ್ತಿತ್ತು.

ಹೆಬ್ಬಾಳದ ಹೊಲದಲ್ಲಿ

ಚಿತ್ರ ತೋರಿಸಿ ಕಲಿಸುವ ವಿದ್ಯೆಯ ನಿಜವಾದ ಅಗತ್ಯ ಏನೆಂಬುದು ತಿಳಿಯಬೇಕಾದರೆ ಹೆಬ್ಬಾಳಕ್ಕೆ ಬರಬೇಕು. ಮೈಸೂರು ಸಂಸ್ಥಾನದ ರಾಜಪ್ರತಿನಿಧಿಯಾಗಿದ್ದ ಮಹಾರಾಣಿ ಕೆಂಪನಂಜಮ್ಮಣ್ಣಿಯವರು 1899ರಲ್ಲಿ ಇಲ್ಲಿ 30 ಎಕರೆ ಜಮೀನನ್ನು ಕೃಷಿ ಪ್ರಯೋಗಕ್ಕೆಂದು ಕೊಟ್ಟರು. ರಸಾಯನ ವಿಜ್ಞಾನಿ ಲೆಹ್ಮನ್ ಮಣ್ಣು ಮತ್ತು ಬೆಳೆಗಳ ಸಂಶೋಧನೆಗೆ ಬುನಾದಿ ಹಾಕಿದರು. 1913ರಲ್ಲಿ ಕೃಷಿ ಶಾಲೆ ಆರಂಭವಾಯಿತು. ಅದೇ 1946ರಲ್ಲಿ ಕೃಷಿ ಕಾಲೇಜಾಗಿ, 1964ರಲ್ಲಿ ಕೃಷಿ ವಿಶ್ವವಿದ್ಯಾಲಯವಾಗಿ ಬೆಳೆಯಿತು. ಹೆಬ್ಬಾಳ ಮತ್ತು ಯಲಹಂಕದ ನಡುವಿನ ಗಾಂಧಿ ಕೃಷಿ ವಿಜ್ಞಾನ ಕೇಂದ್ರದ ಆವರಣವನ್ನು 1969ರಲ್ಲಿ ಪ್ರಧಾನಿ ಇಂದಿರಾ ಗಾಂಧಿ ಉದ್ಘಾಟಿಸಿದರು.

ಸಂಸ್ಥಾನದ ಕೃಷಿ ಇಲಾಖೆಯನ್ನು ಮುನ್ನಡೆಸಿದ ಕೆನಡಾದ ವಿಜ್ಞಾನಿ ಲೆಸ್ಲಿ ಕೋಲ್ಮನ್ ಎದುರಿಸಿದ ದೊಡ್ಡ ಸವಾಲುಗಳಲ್ಲಿ ಮಲೆನಾಡಿನ ಅಡಿಕೆಯ ಕೊಳೆರೋಗವೂ ಒಂದು. ಮಳೆಗಾಲದಲ್ಲಿ ಗೊನೆಗಳು ಕೊಳೆತು ಉದುರುತ್ತಿದ್ದವು. ಸೂಕ್ಷ್ಮದರ್ಶಕದಲ್ಲಿ ಮಾತ್ರ ಕಾಣುವ ಜೀವಿಯೊಂದು ಇದಕ್ಕೆ ಕಾರಣವೆಂದೂ, ಮೈಲುತುತ್ತ ಮತ್ತು ಸುಣ್ಣದ ಬೋರ್ಡೋ ದ್ರಾವಣವನ್ನು ಮೊದಲೇ ಸಿಂಪಡಿಸಿದರೆ ತಡೆಯಬಹುದೆಂದೂ ಕೋಲ್ಮನ್ ತೋರಿಸಿಕೊಟ್ಟರು. ಮಲೆನಾಡಿನ ತೋಟಗಾರರು ಇಂದಿಗೂ ಆ ದ್ರಾವಣ ಸಿಂಪಡಿಸುತ್ತಾರೆ.

ಇಲ್ಲಿ ಒಂದು ಪ್ರಶ್ನೆ ಏಳುತ್ತದೆ. ಬರಿಗಣ್ಣಿಗೆ ಕಾಣದ ಶತ್ರುವನ್ನು ರೈತನಿಗೆ ನಂಬಿಸುವುದು ಹೇಗೆ? ಮಾತೊಂದರಿಂದಲೇ ಅದು ಸಾಧ್ಯವಿಲ್ಲ. ಸೂಕ್ಷ್ಮವಾದದ್ದನ್ನು ಹಿಗ್ಗಿಸಿ ತೋರಿಸಬೇಕು, ಆರೋಗ್ಯವಾದ ಗೊನೆಯನ್ನೂ ಕೊಳೆತ ಗೊನೆಯನ್ನೂ ಅಕ್ಕಪಕ್ಕ ಇಡಬೇಕು. ಬ್ರಿಟಿಷರ ಕಾಲದ ಭಾರತದಲ್ಲಿ ಕೃಷಿ, ಆರೋಗ್ಯ, ಸಹಕಾರ ಇಲಾಖೆಗಳವರು ಲಾಂದ್ರ ಮತ್ತು ಗಾಜಿನ ಸ್ಲೈಡುಗಳನ್ನು ಹಳ್ಳಿಗಳಿಗೆ ಹೊತ್ತೊಯ್ದದ್ದು ಇದೇ ಕಾರಣಕ್ಕೆ. ಮಲೇರಿಯಾದ ಸೊಳ್ಳೆಯಾಗಲಿ ಕೊಕ್ಕೆಹುಳುವಾಗಲಿ ಗೋಡೆಯಷ್ಟು ದೊಡ್ಡದಾಗಿ ಕಂಡಾಗ ಜನ ಕಿವಿಗೊಟ್ಟು ಕೇಳಿದರು.

ಸ್ವಾತಂತ್ರ್ಯಾನಂತರ ಕೃಷಿ ಕಾಲೇಜುಗಳಲ್ಲಿ 'ವಿಸ್ತರಣೆ' ಒಂದು ಪಾಠವಿಷಯವೇ ಆಯಿತು. ಫ್ಲ್ಯಾನೆಲ್ ಬೋರ್ಡು, ಚಾರ್ಟು, 35 ಮಿ.ಮೀ. ಬಣ್ಣದ ಸ್ಲೈಡು, ಪ್ರೊಜೆಕ್ಟರುಗಳ ಬಳಕೆಯನ್ನು ವಿದ್ಯಾರ್ಥಿಗಳು ಕಲಿತರು. ಎರಡಂಗುಲ ಚೌಕದ ಚೌಕಟ್ಟಿನಲ್ಲಿ ಕೂಡಿಸಿದ ಫಿಲ್ಮಿನ ತುಂಡೇ ಈ ಸ್ಲೈಡು. ಕೊಡಕ್ ಕಂಪನಿ 1960ರ ದಶಕದ ಆರಂಭದಲ್ಲಿ ತಂದ 'ಕೆರೂಸೆಲ್' ಪ್ರೊಜೆಕ್ಟರಿನ ದುಂಡು ತಟ್ಟೆಯಲ್ಲಿ ಇಂಥ 80 ಸ್ಲೈಡುಗಳನ್ನು ಜೋಡಿಸಬಹುದಿತ್ತು. ಒಂದು ಸ್ಲೈಡು ತಯಾರಾಗಲು ಫೋಟೊ ತೆಗೆಯಬೇಕು, ತೊಳೆಸಬೇಕು, ಚೌಕಟ್ಟು ಹಾಕಬೇಕು. ಇಷ್ಟು ಶ್ರಮ ಮತ್ತು ಖರ್ಚು ಇದ್ದುದರಿಂದ ಬೇಡದ್ದನ್ನು ಯಾರೂ ಸ್ಲೈಡು ಮಾಡುತ್ತಿರಲಿಲ್ಲ. ಆಮೇಲೆ ತರಗತಿಗಳಿಗೆ 'ಓವರ್‌ಹೆಡ್ ಪ್ರೊಜೆಕ್ಟರ್' ಬಂತು. ಪಾರದರ್ಶಕ ಹಾಳೆಯ ಮೇಲೆ ಮಾರ್ಕರ್ ಪೆನ್ನಿನಿಂದ ಬರೆದರೆ ಸಾಕು, ಅದು ಗೋಡೆಯ ಮೇಲೆ ಮೂಡುತ್ತಿತ್ತು. ಸ್ಲೈಡು ಅಗ್ಗವಾಗತೊಡಗಿದ್ದು ಇಲ್ಲಿಂದ.

ಹಾಳೆಯಿಂದ ಕಂಪ್ಯೂಟರಿಗೆ

ಅಮೆರಿಕದ ಕಚೇರಿಗಳಲ್ಲಿ ಇಂಥ ಹಾಳೆಗಳನ್ನು ತಯಾರಿಸುವುದೇ ಒಂದು ದೊಡ್ಡ ಕೆಲಸವಾಗಿತ್ತು. ಅಧಿಕಾರಿ ಬರೆದುಕೊಡಬೇಕು, ಕಲಾವಿದರೋ ಟೈಪಿಸ್ಟರೋ ಸಿದ್ಧಪಡಿಸಬೇಕು, ಒಂದು ಅಂಕಿ ಬದಲಾದರೆ ಮತ್ತೆ ಮೊದಲಿನಿಂದ. ಮಾತನಾಡುವವನೇ ತನ್ನ ಸ್ಲೈಡು ಮಾಡಿಕೊಳ್ಳುವಂತಾಗಬೇಕು ಎಂದು ಯೋಚಿಸಿದವರು ರಾಬರ್ಟ್ ಗ್ಯಾಸ್ಕಿನ್ಸ್. 'ಫೋರ್‌ಥಾಟ್' ಎಂಬ ಪುಟ್ಟ ಕಂಪನಿಯಲ್ಲಿ 1984ರಲ್ಲಿ ಅವರು ಹಾಕಿದ ಯೋಜನೆಯನ್ನು ಡೆನಿಸ್ ಆಸ್ಟಿನ್ ಮತ್ತು ಥಾಮಸ್ ರಡ್ಕಿನ್ ತಂತ್ರಾಂಶವಾಗಿಸಿದರು. ಮೊದಲಿಟ್ಟ ಹೆಸರು 'ಪ್ರೆಸೆಂಟರ್'. ಆ ಹೆಸರು ಬೇರೆಯವರ ಬಳಿ ಇದ್ದುದರಿಂದ 'ಪವರ್‌ಪಾಯಿಂಟ್' ಆಯಿತು.

1987ರ ಏಪ್ರಿಲಿನಲ್ಲಿ ಮ್ಯಾಕಿಂಟಾಷ್ ಕಂಪ್ಯೂಟರಿಗೆಂದು ಹೊರಬಂದ ಮೊದಲ ಆವೃತ್ತಿ ಕಪ್ಪುಬಿಳುಪಿನದು. ಅದರ ಕೆಲಸ ಓವರ್‌ಹೆಡ್ ಪ್ರೊಜೆಕ್ಟರಿಗೆ ಹಾಳೆ ಮುದ್ರಿಸಿಕೊಡುವುದು. ಅದೇ ವರ್ಷ ಮೈಕ್ರೋಸಾಫ್ಟ್ 1.4 ಕೋಟಿ ಡಾಲರಿಗೆ ಆ ಕಂಪನಿಯನ್ನೇ ಕೊಂಡಿತು. ವಿಂಡೋಸ್ ಆವೃತ್ತಿ ಬಂದದ್ದು 1990ರಲ್ಲಿ. ಕಂಪ್ಯೂಟರಿನಿಂದ ನೇರವಾಗಿ ಪರದೆಗೆ ಚಿತ್ರ ಹಾಯಿಸುವ ಸೌಲಭ್ಯ 1992ರ ಆವೃತ್ತಿಯಲ್ಲಿ ಸೇರಿತು. ಗಾಜು, ಫಿಲ್ಮು, ಹಾಳೆ ಮೂರೂ ಕ್ರಮೇಣ ಮೂಲೆ ಸೇರಿದವು. ಕೊಡಕ್ ತನ್ನ ಸ್ಲೈಡ್ ಪ್ರೊಜೆಕ್ಟರುಗಳ ತಯಾರಿಕೆಯನ್ನು 2004ರಲ್ಲಿ ನಿಲ್ಲಿಸಿತು.

ಕನ್ನಡದ ಕಷ್ಟ

ಕರ್ನಾಟಕದ ಕಲಿಯುವವರಿಗೆ ಇನ್ನೊಂದು ತೊಡಕಿತ್ತು. ಕಂಪ್ಯೂಟರಿನಲ್ಲಿ ಕನ್ನಡ ಮೂಡಿಸುವುದು ಸುಲಭವಿರಲಿಲ್ಲ. ಕೆ.ಪಿ. ರಾವ್ ಅವರು ರೂಪಿಸಿದ ಕೀಲಿಮಣೆ ವಿನ್ಯಾಸ, ಶೇಷಾದ್ರಿವಾಸು ಅವರು 1998ರಲ್ಲಿ ತಂದ 'ಬರಹ', ಕನ್ನಡ ಗಣಕ ಪರಿಷತ್ತಿನ 'ನುಡಿ' ಇವುಗಳಿಂದ ಬಾಗಿಲು ತೆರೆಯಿತು. ಆದರೆ ಹಳೆಯ ಅಕ್ಷರಶೈಲಿಗಳಲ್ಲಿ ಇಂಗ್ಲಿಷ್ ಅಕ್ಷರಗಳ ಜಾಗದಲ್ಲೇ ಕನ್ನಡದ ತುಂಡುಗಳನ್ನು ಕೂಡಿಸಲಾಗಿತ್ತು. ಆ ಶೈಲಿ ಇಲ್ಲದ ಕಂಪ್ಯೂಟರಿನಲ್ಲಿ ಕಡತ ತೆರೆದರೆ ಕನ್ನಡ ಮಾಯವಾಗಿ, ಇಂಗ್ಲಿಷ್ ಅಕ್ಷರ ಮತ್ತು ಚಿಹ್ನೆಗಳ ಕಲಸುಮೇಲೋಗರ ಕಾಣುತ್ತಿತ್ತು. ಮನೆಯಲ್ಲಿ ಚೆನ್ನಾಗಿ ಕಂಡ ಸ್ಲೈಡು ಸಭೆಯಲ್ಲಿ ಕೈಕೊಟ್ಟಾಗ ಆಗುವ ಅವಮಾನ ಸಣ್ಣದಲ್ಲ. 'ಇಂಗ್ಲಿಷಿನಲ್ಲೇ ಮಾಡಿಬಿಡೋಣ' ಎಂಬ ತೀರ್ಮಾನಕ್ಕೆ ಇದೂ ಒಂದು ಕಾರಣವಾಯಿತು. ಕನ್ನಡದಲ್ಲಿ ಲೀಲಾಜಾಲವಾಗಿ ಮಾತನಾಡಬಲ್ಲವರು ಇಂಗ್ಲಿಷ್ ಸಾಲುಗಳನ್ನು ತಡವರಿಸುತ್ತ ಓದುವ ಸ್ಥಿತಿ ಹೀಗೆ ಬಂತು.

ಪರಿಹಾರ ದೊರೆತದ್ದು ಯೂನಿಕೋಡ್‌ನಿಂದ. ಜಗತ್ತಿನ ಪ್ರತಿ ಲಿಪಿಗೂ ಪ್ರತ್ಯೇಕ ಸಂಖ್ಯೆಗಳನ್ನು ಕೊಡುವ ಈ ವ್ಯವಸ್ಥೆಯಲ್ಲಿ 1991ರ ಮೊದಲ ಆವೃತ್ತಿಯಿಂದಲೇ ಕನ್ನಡವಿದೆ. 2001ರ ವಿಂಡೋಸ್ ಎಕ್ಸ್‌ಪಿಯೊಂದಿಗೆ 'ತುಂಗಾ' ಎಂಬ ಯೂನಿಕೋಡ್ ಅಕ್ಷರಶೈಲಿ ಬಂತು. ಇಂದು ಯೂನಿಕೋಡ್‌ನಲ್ಲಿ ಬರೆದ ಕನ್ನಡ ಸ್ಲೈಡು ಬೇರೆ ಕಂಪ್ಯೂಟರಿನಲ್ಲೂ ಮೊಬೈಲಿನಲ್ಲೂ ಕನ್ನಡವಾಗಿಯೇ ಕಾಣುತ್ತದೆ. ಹೊಸಬರು ಮೊದಲ ದಿನವೇ ಕಲಿಯಬೇಕಾದದ್ದು ಇದು. ಇನ್ನೂ ಅನುಮಾನವಿದ್ದರೆ ಸ್ಲೈಡುಗಳ ಪಿ.ಡಿ.ಎಫ್. ಪ್ರತಿಯೊಂದನ್ನು ಪೆನ್‌ಡ್ರೈವಿನಲ್ಲಿ ಇಟ್ಟುಕೊಂಡರೆ ಆಯಿತು.

ಬುಲೆಟ್ಟಿನ ಪೆಟ್ಟು

ಸ್ಲೈಡು ಮಾಡುವುದು ಸುಲಭವಾದಷ್ಟೂ ಅದರ ದುರ್ಬಳಕೆಯೂ ಹೆಚ್ಚಿತು. ಪರಿಣಾಮ ಎಷ್ಟು ಘೋರವಾಗಬಹುದು ಎಂಬುದಕ್ಕೆ ಭಾರತೀಯರು ಮರೆಯಲಾಗದ ಉದಾಹರಣೆಯೊಂದಿದೆ. 2003ರ ಫೆಬ್ರುವರಿ 1ರಂದು ಕೊಲಂಬಿಯಾ ಬಾಹ್ಯಾಕಾಶ ನೌಕೆ ಭೂಮಿಗೆ ಮರಳುವಾಗ ಛಿದ್ರವಾಗಿ, ಕಲ್ಪನಾ ಚಾವ್ಲಾ ಸೇರಿ ಏಳು ಗಗನಯಾತ್ರಿಗಳು ಮಡಿದರು. ಉಡಾವಣೆಯ ವೇಳೆ ಇಂಧನ ಟ್ಯಾಂಕಿನಿಂದ ಕಳಚಿದ ಫೋಮ್ ತುಂಡೊಂದು ನೌಕೆಯ ರೆಕ್ಕೆಗೆ ಬಡಿದಿತ್ತು. ನೌಕೆ ಇನ್ನೂ ಆಕಾಶದಲ್ಲಿದ್ದಾಗಲೇ ಎಂಜಿನಿಯರುಗಳು ಆ ಪೆಟ್ಟಿನ ಬಗ್ಗೆ ಪವರ್‌ಪಾಯಿಂಟ್ ಸ್ಲೈಡುಗಳಲ್ಲಿ ವರದಿ ಒಪ್ಪಿಸಿದ್ದರು. ಹಿಂದೆ ಪರೀಕ್ಷೆಗೆ ಬಳಸಿದ್ದ ತುಂಡಿಗಿಂತ ಈಗ ಬಡಿದದ್ದು ಸುಮಾರು 640 ಪಟ್ಟು ದೊಡ್ಡದು. ಈ ಮುಖ್ಯ ಸಂಗತಿ ಸ್ಲೈಡಿನ ಅಡಿಯಲ್ಲಿ, ಉಪಾಂಶಗಳ ಕೆಳಗಿನ ಸಣ್ಣ ಸಾಲಿನಲ್ಲಿ ಅಡಗಿಹೋಗಿತ್ತು. ಮೇಲಿನ ಶೀರ್ಷಿಕೆ ಓದಿದವರಿಗೆ ಗಾಬರಿಯಾಗುವಂಥದೇನೂ ಕಾಣುತ್ತಿರಲಿಲ್ಲ. ತಾಂತ್ರಿಕ ವರದಿಯ ಜಾಗದಲ್ಲಿ ಸ್ಲೈಡುಗಳನ್ನು ಬಳಸುವ ಅಭ್ಯಾಸವನ್ನು ಅಪಘಾತದ ತನಿಖಾ ಮಂಡಳಿ ಟೀಕಿಸಿತು. ದುರಂತಕ್ಕೆ ಸ್ಲೈಡೊಂದೇ ಕಾರಣವಲ್ಲ. ಆದರೆ ಮುಖ್ಯವಾದದ್ದು ದೊಡ್ಡದಾಗಿ ಕಾಣಬೇಕು ಎಂಬ ಟೂರಿಂಗ್ ಟಾಕೀಸಿನ ಪಾಠವನ್ನು ಅಷ್ಟು ದೊಡ್ಡ ಸಂಸ್ಥೆಯೂ ಮರೆತಿತ್ತು.

ಕಲಿಯುವವರಿಗೆ ಬೇಕಾದದ್ದು

ಹಾಗಾದರೆ ಹೊಸಬರು ಎಲ್ಲಿಂದ ಆರಂಭಿಸಬೇಕು? ಕಾಗದ ಮತ್ತು ಪೆನ್ಸಿಲಿನಿಂದ. ಕೇಳುವವರು ಯಾರು, ಅವರು ಎದ್ದು ಹೋಗುವಾಗ ಯಾವ ಒಂದು ಮಾತು ಅವರ ಮನಸ್ಸಿನಲ್ಲಿರಬೇಕು ಎಂಬುದನ್ನು ಮೊದಲು ಬರೆದುಕೊಳ್ಳಬೇಕು. ಆಮೇಲೆ ಬೇಕಾಗುವ ಗುಂಡಿಗಳು ಕೈಬೆರಳೆಣಿಕೆಯಷ್ಟು. ಕಂಟ್ರೋಲ್ ಮತ್ತು ಎಂ ಒಟ್ಟಿಗೆ ಒತ್ತಿದರೆ ಹೊಸ ಸ್ಲೈಡು. 'ಇನ್ಸರ್ಟ್' ಪಟ್ಟಿಯಿಂದ ಚಿತ್ರ. 'ಸ್ಲೈಡ್ ಸಾರ್ಟರ್'ನಲ್ಲಿ ಎಲ್ಲ ಸ್ಲೈಡುಗಳನ್ನೂ ಒಟ್ಟಿಗೆ ಹರಡಿಕೊಂಡು, ಇಸ್ಪೀಟೆಲೆ ಜೋಡಿಸಿದಂತೆ ಹಿಂದುಮುಂದು ಮಾಡಬಹುದು. ಎಫ್5 ಒತ್ತಿದರೆ ಪ್ರದರ್ಶನ ಶುರು. ನಡುವೆ ಬಿ ಕೀಲಿ ಒತ್ತಿದರೆ ಪರದೆ ಕಪ್ಪಾಗಿ, ಸಭೆಯ ಕಣ್ಣು ಮಾತನಾಡುವವರ ಮುಖದತ್ತ ಮರಳುತ್ತದೆ. ಹಣ ಕೊಟ್ಟು ತಂತ್ರಾಂಶ ಕೊಳ್ಳಲಾಗದವರಿಗೆ ಉಚಿತವಾದ ಲಿಬ್ರೆಆಫೀಸಿನ 'ಇಂಪ್ರೆಸ್' ಇದೆ. ಅದರಲ್ಲೂ ಈ ಕೀಲಿಗಳು ಹೀಗೆಯೇ ಕೆಲಸ ಮಾಡುತ್ತವೆ.

ಹೇಳಬೇಕಾದ ವಿವರಗಳನ್ನು ಸ್ಲೈಡಿನ ಕೆಳಗಿನ 'ನೋಟ್ಸ್' ಜಾಗದಲ್ಲಿ ಬರೆದುಕೊಳ್ಳಬೇಕು. ಪರದೆಯ ಮೇಲೆ ಚಿತ್ರ, ನಕ್ಷೆ, ಒಂದೆರಡು ಅಂಕಿ ಇದ್ದರೆ ಸಾಕು. ಹಾರುವ, ತಿರುಗುವ ಅಕ್ಷರಗಳ ಆಟವನ್ನು ಕಲಿಯುವುದು ಸುಲಭ, ಬಿಡುವುದು ಕಷ್ಟ. ಅದನ್ನು ಮೊದಲೇ ಬಿಟ್ಟವರು ಬುದ್ಧಿವಂತರು. ಸಿದ್ಧವಾದ ಸ್ಲೈಡನ್ನು ಕೋಣೆಯ ಕೊನೆಯ ಬೆಂಚಿನಿಂದ ಒಮ್ಮೆ ಓದಿ ನೋಡಬೇಕು. ಓದಲಾಗದ ಅಕ್ಷರ ಇದ್ದೂ ಇಲ್ಲದಂತೆ.

ಹೆಬ್ಬಾಳದ ದಾರಿಯಲ್ಲಿರುವ ತಮ್ಮ ಸಂಶೋಧನಾ ಸಂಸ್ಥೆಯಲ್ಲಿ ಸರ್ ಸಿ.ವಿ. ರಾಮನ್ ಅವರು ವರ್ಷವರ್ಷವೂ ಗಾಂಧಿ ಜಯಂತಿಯಂದು ಉಪನ್ಯಾಸ ನೀಡುತ್ತಿದ್ದರು. ಕೊನೆಯ ಉಪನ್ಯಾಸ ನೀಡಿದ್ದು 1970ರ ಅಕ್ಟೋಬರ್ 2ರಂದು, ತೀರಿಕೊಳ್ಳುವ ಏಳು ವಾರ ಮೊದಲು. ಆಕಾಶದ ನೀಲಿ, ಹೂವಿನ ಬಣ್ಣ, ರತ್ನದ ಹೊಳಪುಗಳ ಬಗ್ಗೆ ಅವರು ಮಾತನಾಡಿದರೆ ಸಾಮಾನ್ಯರೂ ಮೈಮರೆಯುತ್ತಿದ್ದರು. ಅವರ ಕಾಲಕ್ಕೆ ಪವರ್‌ಪಾಯಿಂಟ್ ಇರಲಿಲ್ಲ. ವಿಷಯ ಗೊತ್ತಿತ್ತು, ಅದನ್ನು ಇನ್ನೊಬ್ಬರಿಗೆ ಹೇಳಬೇಕೆಂಬ ಹಂಬಲವಿತ್ತು.

ಹೊಸದಾಗಿ ಕಲಿತವರು ತಮ್ಮನ್ನು ಪರೀಕ್ಷಿಸಿಕೊಳ್ಳಲು ಸುಲಭವಾದ ಉಪಾಯವೊಂದಿದೆ. ಸಭೆಯ ನಡುವೆ ಕರೆಂಟು ಹೋಯಿತು ಎಂದುಕೊಳ್ಳಿ. ಪರದೆ ಕತ್ತಲಾದ ಮೇಲೂ ಮಾತು ಮುಂದುವರಿಸಬಲ್ಲವರು ಈ ವಿದ್ಯೆಯನ್ನು ಕಲಿತಿದ್ದಾರೆ ಎಂದೇ ಅರ್ಥ. ಉಳಿದ ಗುಂಡಿಗಳನ್ನು ನಿಧಾನವಾಗಿ ಕಲಿತರೂ ನಡೆದೀತು.