ಹಲಗೆಯ ಸಂದು

ಪೋತ್ತನೂರಿನ ಹಳೆಯ ಮನೆಯೊಂದರಲ್ಲಿ ನಾವು ವಾಸವಾಗಿದ್ದೆವು. ಅದರ ಮಾಳಿಗೆಯ ನೆಲವು ತೇಗದ ಹಲಗೆಯದು. ಒಂದು ಮಾರ್ಚಿಯಲ್ಲಿ ಹಲಗೆಗಳ ನಡುವೆ ಬಿರಿದ ಸಂದುಗಳನ್ನು ಕಂಡು, ಮರದ ಹುಡಿಗೆ ಅಂಟು ಕಲಸಿ ಗಟ್ಟಿಯಾಗಿ ತುಂಬಿದೆವು. ಜುಲೈಯಲ್ಲಿ ಎರಡು ಹಲಗೆಗಳು ಮೊಳೆಸಹಿತ ಮೇಲಕ್ಕೆದ್ದವು. ದೋಷವು ಮರದ್ದೆಂದು ಬಗೆದು ನೆಲವನ್ನೇ ಕಿತ್ತುಹಾಕಲು ಹೊರಟೆವು. ಊರಿನ ಹಾಗೂ ಮರದ ಚರಿತ್ರೆಯನ್ನು ಅರಿತ ಮೇಲೆ, ದೋಷ ನಮ್ಮದೇ ಎಂದು ಮನವರಿಕೆಯಾಯಿತು.

ಪೋತ್ತನೂರಿನ ಪಶ್ಚಿಮಕ್ಕೆ, ನೀಲಗಿರಿಗೂ ಆನೆಮಲೆಗೂ ನಡುವೆ, ಪಾಲಕ್ಕಾಡು ಕಂಡಿಯಿದೆ. ಘಟ್ಟಗಳ ಸಾಲಿನಲ್ಲಿ ಪ್ರಕೃತಿಯೇ ಬಿಟ್ಟ ಸಂದು ಅದು. ಮದರಾಸಿನಿಂದ ಬೇಪೂರಿಗೆ ಹೋಗುವ ರೈಲುದಾರಿಯು ಈ ಕಂಡಿಯ ಮೂಲಕವೇ 1862ರಲ್ಲಿ ಪೂರ್ಣಗೊಂಡಿತು. 1873ರಲ್ಲಿ ಮೇಟ್ಟುಪಾಳ್ಯದ ಕವಲು ಸೇರಿ ಪೋತ್ತನೂರು ಜಂಕ್ಷನ್ ಎನಿಸಿತು. ಮಳೆಗಾಲದಲ್ಲಿ ಪಡುಗಡಲ ತೇವದ ಗಾಳಿಯು ಒಳನಾಡಿಗೆ ನುಗ್ಗುವುದೂ ಇದೇ ಕಂಡಿಯಿಂದ.

ಆನೆಮಲೆಯ ತೇಗವು ಆ ಕಾಲಕ್ಕೆ ಮುಂಬಯಿಯ ಹಡಗುಕಟ್ಟೆಗೆ ಹೋಗುತ್ತಿತ್ತು. ರೈಲು ಬಂದ ಮೇಲೆ ಮರದ ಬೇಡಿಕೆ ಇನ್ನಷ್ಟು ಬೆಳೆಯಿತು. ಕಡಿತಕ್ಕೆ ಮಿತಿಯಿರಬೇಕೆಂಬ ಅರಿವು ಮೂಡಿ, 1856ರಲ್ಲಿ ಹ್ಯೂ ಕ್ಲೆಗಾರ್ನರು ಮದರಾಸು ಪ್ರಾಂತದ ಅರಣ್ಯಸಂರಕ್ಷಕರಾದರು. ಕೊಯಮತ್ತೂರಿನಲ್ಲಿ 1902ರಲ್ಲಿ ಗಾಸ್ ಅರಣ್ಯ ವಸ್ತುಸಂಗ್ರಹಾಲಯವೂ, 1912ರಲ್ಲಿ ಅರಣ್ಯ ಕಾಲೇಜೂ ಸ್ಥಾಪಿತವಾದವು. ಮುಪ್ಪಿನ ತೇಗದ ಹಲಗೆಯನ್ನು ಕಿತ್ತೆಸೆದರೆ ಅಂಥದು ಮತ್ತೆ ಸುಲಭವಾಗಿ ದೊರೆಯದು.

ಮರವು ಕಡಿದ ಮೇಲೂ ಗಾಳಿಯ ತೇವವನ್ನು ಹೀರುತ್ತದೆ, ಬಿಡುತ್ತದೆ. ಆಗ ಅದು ಉದ್ದದಲ್ಲಿ ಬಹುಮಟ್ಟಿಗೆ ಬದಲಾಗದು. ಅಗಲದಲ್ಲಿ ಮಾತ್ರ ಉಬ್ಬಿ ಕುಗ್ಗುತ್ತದೆ. ನೂರೈವತ್ತು ಮಿಲಿಮೀಟರ್ ಅಗಲದ ಹಲಗೆಯು ನೂರಕ್ಕೆ ಒಂದರಷ್ಟು ಕುಗ್ಗಿದರೂ ಒಂದೂವರೆ ಮಿಲಿಮೀಟರ್ ಸಂದು ಬಿಡುತ್ತದೆ. ಬೇಸಗೆಯಲ್ಲಿ ತೋರುವ ಈ ಸಂದು ಮಳೆಗಾಲದ ಉಬ್ಬಿಗೆ ಬೇಕಾದ ಸ್ಥಳ. ನಾವು ಆ ಸ್ಥಳವನ್ನೇ ಕಸಿದುಕೊಂಡಿದ್ದೆವು.

ಮನೆಗೆ ಬಂದ ವೃದ್ಧ ಬಡಗಿಯು ಮೊದಲು ಕೆಳಗಿನ ತೊಲೆಗಳಲ್ಲಿ ಗೆದ್ದಲೂ ಸಡಿಲವೂ ಇಲ್ಲವೆಂದು ನೋಡಿದನು. ಬಳಿಕ ಗಟ್ಟಿ ಅಂಟನ್ನೆಲ್ಲ ಕೆರೆದು ತೆಗೆದು, ಎದ್ದ ಹಲಗೆಗಳನ್ನು ಕೂರಿಸಿ, ಮಳೆಗಾಲ ಮುಗಿಯುವವರೆಗೆ ಕಾಯಲು ಹೇಳಿದನು. ನವೆಂಬರಿನ ತೇವದಲ್ಲಿಯೂ ಮುಚ್ಚದೆ ಉಳಿದವೇ ನಿಜವಾದ ಸಂದುಗಳು. ಅವುಗಳಿಗೆ ಹಳೆಯ ತೇಗದ್ದೇ ತೆಳು ಪಟ್ಟಿಗಳನ್ನು ಸೀಳಿ, ಒಂದೇ ಅಂಚಿಗೆ ಅಂಟು ಹಚ್ಚಿ ಕೂರಿಸಿ, ಉಜ್ಜುಗೊರಡಿನಿಂದ ಸಮಮಾಡಿದನು. ಇನ್ನೊಂದು ಅಂಚನ್ನು ಹಲಗೆಯ ಚಲನೆಗಾಗಿ ಬಿಡುಗಡೆಯಾಗಿಯೇ ಬಿಟ್ಟನು. ಋತುವಿಗನುಸಾರ ತೆರೆದು ಮುಚ್ಚುವ ಸಂದುಗಳಿಗೆ ಹತ್ತಿಯ ಹುರಿಯನ್ನು ಹಗುರವಾಗಿ ಒತ್ತಿದನು.

ಆ ನೆಲವು ಮತ್ತೆ ಏಳಲಿಲ್ಲ. ಬೇಸಗೆಯಲ್ಲಿ ಕೂದಲೆಳೆಯಷ್ಟು ಸಂದುಗಳು ಈಗಲೂ ತೋರುತ್ತವೆ. ನಾವು ಅವನ್ನು ಮುಚ್ಚಲು ಹೋಗುವುದಿಲ್ಲ. ದುರಸ್ತಿಗೆ ಮುನ್ನ ಒಂದು ವರ್ಷದ ಬಿಸಿಲನ್ನೂ ಮಳೆಯನ್ನೂ ಕಂಡುಕೊಳ್ಳಬೇಕೆಂಬುದೇ ನಾವು ಕಲಿತ ಪಾಠ.